ಹಾಲಮ್ಮನ ಪುರುಸೊತ್ತು

ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಸಂಧಿ ಹೇಳಿದ್ದೇನೆ, ಸಮಾಸ ಹೇಳಿದ್ದೇನೆ, ತತ್ಸಮ ತದ್ಭವ ಬಾಯಿಪಾಠ ಮಾಡದ ಮಕ್ಕಳ ಕಿವಿ ಹಿಂಡಿದ್ದೇನೆ. ಆದರೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ‘ಪುರುಸೊತ್ತು’ ಅನ್ನುವ ಮಾತು ಎಲ್ಲಿಂದ ಬಂತು ಎಂದು ಒಂದು ದಿನವೂ ಯೋಚಿಸಿದವಳಲ್ಲ. ಪಠ್ಯಪುಸ್ತಕದಲ್ಲಿ ಬಿಡುವು, ವಿರಾಮ, ವಿಶ್ರಾಂತಿ ಎಂದೆಲ್ಲ ಇರುತ್ತದೆ. ನಮ್ಮ ಶಿಕಾರಿಪುರದ ಕಡೆ ಯಾವ ಪುಣ್ಯಾತ್ಮ ಹಾಗೆ ಮಾತಾಡುತ್ತಾನೆ? ‘ಪುರುಸೊತ್ತು ಮಾಡ್ಕಂಡು ಬಾರವ್ವ’ ಅನ್ನುತ್ತಾರೆ, ‘ಸಾಯಾಕೂ ಪುರುಸೊತ್ತಿಲ್ಲ’ ಅನ್ನುತ್ತಾರೆ. ಕೆಲಸದ ನಡುವೆ ಸಿಗುವ ಎರಡು ಗಳಿಗೆಗೆ ನಮ್ಮಲ್ಲಿ ಇರುವುದು ಅದೊಂದೇ ಹೆಸರು.

ಅದರ ಹುಟ್ಟು ನನಗೆ ತಿಳಿದದ್ದು ಹೋದ ಡಿಸೆಂಬರಿನಲ್ಲಿ, ಹಾಲಮ್ಮ ಸತ್ತು ಮೂರು ತಿಂಗಳಾದ ಮೇಲೆ. ಶಿರಾಳಕೊಪ್ಪದಲ್ಲಿ ನಿವೃತ್ತ ಶಿಕ್ಷಕರ ಸಭೆ ಇತ್ತು. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ ಎಳೆಯಿತು. ಪಕ್ಕದ ಕುರ್ಚಿಯಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಕೂತಿದ್ದರು. “ಇವರಿಗೇನು ಬಿಡ್ರಿ, ಪುರುಸೊತ್ತೇ ಪುರುಸೊತ್ತು” ಎಂದು ನಾನು ಗೊಣಗಿದೆ. ಅವರು ನಕ್ಕರು.

“ಟೀಚರ್, ಅದು ನಮ್ಮ ಕಡೆ ಮಾತು ಗೊತ್ತೇನ್ರಿ? ಫುರ್ಸತ್. ನಿಮ್ಮ ಜಮೀನು, ರಾಜೀನಾಮೆ, ತಹಶೀಲ್ದಾರು ಬಂದ ದಾರೀಲೇ ಇದೂ ಬಂದದ್ದು.”

“ಹಂಗಾದ್ರೆ ಬಿಡುವು ಅನ್ನೋದೂ ಸರ್ಕಾರದ್ದೇ ಅನ್ರಿ” ಎಂದೆ.

“ಅದಕ್ಕೂ ಹಿಂದೆ ಅರಬ್ಬಿ ಐತ್ರಿ. ಅಲ್ಲಿ ನೀರು ಕಡಿಮೆ ನೋಡ್ರಿ. ಬಾವಿಗೆ ಬಂದೋರೆಲ್ಲ ಒಟ್ಟಿಗೆ ಇಳಿಯೋ ಹಂಗಿಲ್ಲ, ಒಬ್ಬರಾದ ಮೇಲೆ ಒಬ್ಬರು ನೀರು ತಗೋಬೇಕು. ಆ ಸರದೀಗೆ ಫುರ್ಸಾ ಅಂತಿದ್ರು. ನಮ್ಮ ಹಳೇ ನಿಘಂಟಿನಾಗೆ ಹಂಗೇ ಬರ್ದೈತಿ. ಮೊದಲು ನೀರಿನ ಪಾಳಿ, ಆಮೇಲೆ ಕೈಗೆ ಸಿಕ್ಕ ಅವಕಾಶ, ಆಮೇಲೆ ಬಿಡುವು.”

ನಾನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವರು ಗಾಬರಿಯಾಗಿ “ಯಾಕ್ರೀ ಟೀಚರ್, ಆರಾಮಿಲ್ವಾ?” ಎಂದು ನೀರಿನ ಬಾಟಲಿ ಮುಂದೆ ಹಿಡಿದರು. ನಾನು ಕುಡಿಯಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹಿಡಿದು ಮನೆಗೆ ಬಂದೆ.

ಹಾಲಮ್ಮ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಪಾಳಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ತಿರುಗಿಸುವುದು, ಸಂಜೆ ತೂಬು ಇಳಿಸುವುದು ಅವಳ ಕೆಲಸ. ನಮ್ಮೂರು ತೊಗರ್ಸಿಯಿಂದ ನಾಲ್ಕು ಮೈಲಿ. ಅವಳು ಹುಟ್ಟಿದ್ದು ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ನಮ್ಮೂರಿಗೆ ಬಂದಾಗ ಅವಳ ಮಾತು ಕೇಳಿ ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು. ಅವಳು ಒಂದು ತಿಂಗಳು ಸುಮ್ಮನಿದ್ದು, ಆಮೇಲೆ ಒಬ್ಬೊಬ್ಬರ ಮಾತನ್ನೂ ಅವರ ಎದುರಿಗೇ ಅಣಕಿಸಿ ತೋರಿಸಿದಳು. ಅಲ್ಲಿಂದ ಮುಂದೆ ಯಾರೂ ಅವಳ ತಂಟೆಗೆ ಹೋಗಲಿಲ್ಲ.

ಗಂಡ ಜಟ್ಟಪ್ಪ ಒಳ್ಳೆಯ ನೀರುಗಂಟಿ. ಹತ್ತು ವರ್ಷದ ಹಿಂದೆ ಎದೆನೋವು ಬಂದು ಒಂದೇ ದಿನದಲ್ಲಿ ಹೋದ. ಹೆಂಗಸು ತೂಬು ಎತ್ತಬಹುದೋ ಬಾರದೋ ಎಂದು ಊರಿನ ಗಂಡಸರು ಮೂರು ಸಭೆ ಮಾಡಿದರು. ನಾಲ್ಕನೆಯ ಸಭೆಗೆ ಅವಳೇ ಬಂದು, “ನೀವು ಮಾತಾಡ್ತಾ ಇರ್ರಿ, ನಾನು ನೀರು ಬಿಟ್ಟು ಬಂದೀನಿ” ಎಂದಳು. ಹೋಗಿ ನೋಡಿದರೆ ಕಾಲುವೆ ಹರಿಯುತ್ತಿತ್ತು. ನಾನು ಶಾಲೆಯ ಕಿಟಕಿಯಿಂದ ನೋಡಿ, ಪಾಠ ನಿಲ್ಲಿಸಿ, ಮಕ್ಕಳ ಎದುರಿಗೇ ಭಲೇ ಹಾಲಮ್ಮ ಎಂದು ಚಪ್ಪಾಳೆ ಹೊಡೆದಿದ್ದೆ.

ನೀರುಗಂಟಿಯ ಗದ್ದೆ ಎಲ್ಲರಿಗಿಂತ ಕೊನೆಯಲ್ಲಿರಬೇಕು ಎಂಬುದು ನಮ್ಮ ಕೆರೆಯ ಹಳೆಯ ಕಟ್ಟಳೆ. ತನ್ನ ಗದ್ದೆಗೆ ನೀರು ಬೇಕಾದರೆ ಅವನು ಮಿಕ್ಕ ಎಲ್ಲ ಗದ್ದೆಗಳನ್ನೂ ದಾಟಿಸಿಯೇ ತರಬೇಕು, ಯಾರಿಗೂ ಮೋಸ ಮಾಡುವ ಹಾಗಿಲ್ಲ. ಮಾಡಿದವನು ಯಾರೋ ಬುದ್ಧಿವಂತ, ಎರಡು ಮಾತಿಲ್ಲ. ಹಾಲಮ್ಮನ ಮುಕ್ಕಾಲು ಎಕರೆಯೂ ಕಾಲುವೆಯ ಕಟ್ಟಕಡೆಗೆ ಇತ್ತು, ಅವಳ ಪಾಳಿಯೂ ಕಟ್ಟಕಡೆಗೇ ಬರುತ್ತಿತ್ತು.

ಇನ್ನೊಂದು ಕಟ್ಟಳೆ ಜಟ್ಟಪ್ಪನ ಕಾಲದ್ದು. ಒಮ್ಮೆ ಅವನು ಯಾವುದೋ ಸಾವಿಗೆ ಹೋಗುವಾಗ ತೂಬು ಎತ್ತುವ ಕಬ್ಬಿಣದ ಸಲಾಕೆಯನ್ನು ಭಾವಮೈದುನನ ಕೈಗೆ ಕೊಟ್ಟು ಹೋದ. ಸಂಜೆಯ ಹೊತ್ತಿಗೆ ನೀರಿನ ಜಗಳದಲ್ಲಿ ಇಬ್ಬರ ತಲೆ ಒಡೆದಿತ್ತು. ಅಂದಿನಿಂದ ಬೇಸಿಗೆಯ ಪಾಳಿ ನಡೆಯುವಾಗ ಸಲಾಕೆ ನೀರುಗಂಟಿಯ ಕೈ ಬಿಟ್ಟು ಹೋಗುವ ಹಾಗಿಲ್ಲ. ನೀರುಗಂಟಿ ಊರಲ್ಲಿ ಇಲ್ಲವೆಂದರೆ ಅವತ್ತು ತೂಬು ಮುಚ್ಚಿಯೇ ಇರಬೇಕು. ಆ ದಿನ ಯಾರ ಪಾಳಿಯೋ ಅವರಿಗೆ ಆ ಸುತ್ತಿನ ನೀರು ಹೋಯಿತೆಂದೇ ಲೆಕ್ಕ.

ಹಾಲಮ್ಮ ಕೂತದ್ದನ್ನು ನಾನು ಕಂಡದ್ದು ಕಡಿಮೆ. ದಿನಾ ಬೆಳಿಗ್ಗೆ ತೂಬಿಗೆ ಹೋಗುವಾಗ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಒಂದು ಲೋಟ ಟೀ ಕುಡಿಯುತ್ತಿದ್ದಳು. ಒಳಗೆ ಬಾ, ಕೂತ್ಕೋ ಎಂದರೆ, “ಪುರುಸೊತ್ತಿಲ್ಲ ಅಕ್ಕೋರೆ” ಎಂದು ಸಲಿಕೆ ಹೆಗಲಿಗೇರಿಸುತ್ತಿದ್ದಳು. ನಾನು ಅವಳ ಮಗಳು ರೋಜಾಗೆ ಪಾಠ ಹೇಳಿದವಳು, ಹಾಗಾಗಿ ಅಕ್ಕೋರು. ಒಂದು ಸಲ ರೇಗಿ, “ನಿನ್ನ ಹೆಣ ಎತ್ತೋವಾಗ್ಲೂ ಪುರುಸೊತ್ತಿಲ್ಲ ಅಂತೀಯೇನೆ?” ಎಂದಿದ್ದೆ. ಬಿದ್ದು ಬಿದ್ದು ನಕ್ಕಳು. ಆ ಮಾತನ್ನು ಆಡಿದ ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಎರಡು ವರ್ಷದ ಹಿಂದೆ ನಾನು ನಿವೃತ್ತಳಾದೆ. ನಮ್ಮ ಮನೆಯವರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಕೆರೆಯ ಕೆಳಗಿನ ಒಂದೂವರೆ ಎಕರೆ ಗದ್ದೆಯನ್ನು ಇನ್ನು ನಾನೇ ಮಾಡಿಸುತ್ತೇನೆ ಎಂದೆ. “ಸೀಮೆಸುಣ್ಣ ಹಿಡಿದ ಕೈ, ಭತ್ತ ಬೆಳೀತದಂತೆ” ಎಂದು ಅವರು ನಕ್ಕರು. ಊರಿನವರೂ ನಕ್ಕರು. ನನಗೆ ಹಟ ಬಂತು. ಪಿಂಚಣಿ ಬರುತ್ತಿತ್ತು, ಅಂಗಡಿ ಇತ್ತು, ಆ ಭತ್ತದಿಂದ ನಮ್ಮ ಒಲೆ ಉರಿಯಬೇಕಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ.

ಹೋದ ವರ್ಷ ಜನವರಿಯಲ್ಲಿ ಒಂದು ದಿನ ಹಾಲಮ್ಮ ಟೀ ಲೋಟ ಹಿಡಿದುಕೊಂಡು ಹೋಗದೆ ನಿಂತೇ ಇದ್ದಳು. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ, “ಅಕ್ಕೋರೆ, ಮುಟ್ಟು ನಿಂತು ಏಳು ವರ್ಷ ಆಗಿತ್ರಿ. ಈಗ ಮತ್ತೆ ಕಾಣಿಸ್ಕಂತಾ ಐತಿ. ಸೊಂಟ ಸೀಳಿ ಹೋದಂಗೆ ನೋವು” ಎಂದಳು.

“ಎಷ್ಟು ದಿನದಿಂದ?”

“ದೀಪಾವಳಿ ಆದಾಗಿಂದ. ಯಾರಿಗೂ ಹೇಳಬ್ಯಾಡ್ರಿ. ರೋಜಾಗೂ ಬ್ಯಾಡ. ಅದು ಬಸುರಿ, ಹೆದ್ರಿಕಂತಾಳೆ.” ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ನಾನೇ ಅವಳನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋಗಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆ. ಅವರು ಮುಖ ಗಂಭೀರ ಮಾಡಿಕೊಂಡು, ಶಿವಮೊಗ್ಗದಲ್ಲಿ ಇದಕ್ಕೆಂದೇ ಇರುವ ಡಾಕ್ಟರಿಗೆ ಕಾಗದ ಬರೆದುಕೊಟ್ಟರು. ಅವರು ಸಿಗುವುದು ಗುರುವಾರ ಮಾತ್ರ. “ತಡ ಮಾಡಬೇಡಿ” ಎಂದು ಹೇಳಿದ್ದು ನನ್ನ ಮುಖ ನೋಡಿಕೊಂಡು.

ಅಷ್ಟರಲ್ಲಿ ಬೇಸಿಗೆಯ ಪಾಳಿ ಶುರುವಾಯಿತು. ಕೆರೆಯಲ್ಲಿ ಅರ್ಧ ನೀರು. ಎಂಟೇ ಗದ್ದೆಗೆ ಬೇಸಿಗೆ ಬೆಳೆ, ದಿನಕ್ಕೊಬ್ಬರಂತೆ ಎಂಟು ದಿನಕ್ಕೊಂದು ಸುತ್ತು ಎಂದು ಕೆರೆ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ನನ್ನದು ನಾಲ್ಕನೆಯ ಪಾಳಿ. ಹಾಲಮ್ಮನದು ಎಂಟನೆಯದು. ಪ್ರತಿ ಗುರುವಾರವೂ ಯಾರದೋ ಒಬ್ಬರ ಪಾಳಿ ಇದ್ದೇ ಇರುತ್ತಿತ್ತು, ಹಾಲಮ್ಮ ಹೊರಟರೆ ಅವರ ನೀರು ಹೋಗುತ್ತಿತ್ತು. ಕೇಳಬೇಕೆಂದರೆ ಕಾರಣ ಹೇಳಬೇಕು. ಗಂಡಸರ ಮುಂದೆ ಇಂಥ ಕಾರಣ ಹೇಳುವುದಕ್ಕಿಂತ ಕೆರೆಗೆ ಹಾರುವುದು ವಾಸಿ ಅವಳಿಗೆ. “ಪುರುಸೊತ್ತಾಗಲಿ ಅಕ್ಕೋರೆ, ಹೋದ್ರಾತು” ಎಂದು ಮೂರು ಗುರುವಾರ ಕಳೆದಳು. ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. “ಪುರುಸೊತ್ತಂತೆ ಪುರುಸೊತ್ತು! ಯಾರು ತಂದುಕೊಡ್ತಾರೆ ನಿಂಗೆ ಅದನ್ನ, ತಟ್ಟೇಲಿಟ್ಟು?” ಎಂದು ಕೇಳಿದೆ. ಅವಳು ಗೋಡೆಗೆ ಕೈ ಕೊಟ್ಟು ಟೀ ಕುಡಿದಳು.

ನಾಲ್ಕನೆಯ ಗುರುವಾರ ನನ್ನ ಪಾಳಿ ಬಂತು.

ಏಳು ಗಂಟೆ ಇರಬಹುದು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಾಲಮ್ಮ ಬಂದು ನಿಂತಳು. ರೋಜಾಳ ಮದುವೆಗೆ ತೆಗೆದ ಹಸಿರು ಸೀರೆ ಉಟ್ಟಿದ್ದಳು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಒಂದು ಕೈಯಲ್ಲಿ ಡಾಕ್ಟರ ಕಾಗದ ಇದ್ದ ಚೀಲ, ಇನ್ನೊಂದು ಕೈಯಲ್ಲಿ ತೂಬಿನ ಸಲಾಕೆ.

“ಇವತ್ತು ನಿಮ್ಮ ಪಾಳಿ ಅಕ್ಕೋರೆ” ಎಂದಳು.

“ಗೊತ್ತು.”

“ಎಂಟಕ್ಕೆ ಬಸ್ಸೈತಿ.”

ಅಷ್ಟೇ ಹೇಳಿದ್ದು. ಹೋಗಲೋ ಎಂದು ಕೇಳಲಿಲ್ಲ, ಬಿಡಲೋ ಎಂದೂ ಕೇಳಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ಹಿಂದಿನ ಸಂಜೆ ತಾನೇ ನಾನು ಗದ್ದೆಗೆ ಹೋಗಿ ಬಂದಿದ್ದೆ. ಭತ್ತ ಹೊಡೆಗೆ ಬಂದಿತ್ತು, ತೆನೆ ಹೊರಗೆ ಬರುವ ಹೊತ್ತು, ಆಗ ನೀರು ತಪ್ಪಿದರೆ ಜೊಳ್ಳಾಗುತ್ತದೆ. ಅಲ್ಲಲ್ಲಿ ನೆಲ ಬಿರುಕು ಬಿಟ್ಟಿತ್ತು. ಮನೆಯವರು ನಗುವ ಮುಖ ಕಣ್ಣ ಮುಂದೆ ಬಂತು. ಇಷ್ಟನ್ನೆಲ್ಲ ಯೋಚಿಸಲು ನನಗೆ ಒಂದು ಲೋಟ ತೊಳೆಯುವಷ್ಟು ಹೊತ್ತು ಸಾಕಾಯಿತು.

“ಹಾಲಮ್ಮ, ಇವತ್ತೊಂದು ದಿನ ನೀರು ಬಿಟ್ಟುಬಿಡೆ” ಎಂದೆ. “ಮುಂದಿನ ಗುರುವಾರ ನಾನೇ ಕರ್ಕೊಂಡು ಹೋಗ್ತೀನಿ. ಒಂದು ವಾರದಾಗೆ ಏನಾಗ್ತದೆ?”

“ಆತ್ರೀ ಅಕ್ಕೋರೆ” ಎಂದಳು.

ಟೀ ಕುಡಿದಳು. ಚೀಲವನ್ನು ನಮ್ಮ ಹಿತ್ತಲ ಗೂಟಕ್ಕೆ ಸಿಗಿಸಿ, ಹಸಿರು ಸೀರೆಯನ್ನೇ ಮೇಲೆತ್ತಿ ಕಟ್ಟಿಕೊಂಡು ಕೆರೆ ಏರಿಯ ಕಡೆ ಹೋದಳು. ಒಂಬತ್ತರ ಹೊತ್ತಿಗೆ ನೀರು ನನ್ನ ಗದ್ದೆ ಮುಟ್ಟಿತು. ಬದುವಿನ ಮೇಲೆ ನಿಂತು ನಾನು ನೋಡಿದೆ. ಬಿರುಕಿನೊಳಗೆ ನೀರು ಇಳಿಯುವಾಗ ಸಣ್ಣಗೆ ಗುಳುಗುಳು ಸದ್ದಾಗುತ್ತದೆ. ನನಗೆ ಸಂತೋಷವಾಯಿತು. ದೇವರಾಣೆಗೂ ಆಯಿತು, ಅದನ್ನು ಮುಚ್ಚಿಟ್ಟು ಏನು ಮಾಡಲಿ? ದೂರದಲ್ಲಿ ಹಾಲಮ್ಮ ಕಾಲುವೆಯ ದಂಡೆಯ ಮೇಲೆ ಸಲಿಕೆ ಊರಿ ಬಗ್ಗಿ ನಿಂತಿದ್ದಳು. ಮಣ್ಣು ಎಳೆಯುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ಗುರುವಾರದ ಪಾಳಿ ಆನಂದಪ್ಪನದು. ನನ್ನ ಗದ್ದೆಯ ಮೇಲಿನ ಗದ್ದೆ ಅವನದೇ, ಸಂಘದ ಅಧ್ಯಕ್ಷನೂ ಅವನೇ. ಬುಧವಾರ ನಾನೇ ಅವನ ಮನೆಗೆ ಹೋದೆ.

“ಆನಂದಪ್ಪ, ನಾಳೆ ಒಂದು ದಿನ ಹಾಲಮ್ಮನ್ನ ಬಿಡಬೇಕಲ್ಲಪ್ಪ.”

“ಯಾಕ್ರೀ ಟೀಚರ್?”

“ಆರಾಮಿಲ್ಲ ಅವಳಿಗೆ. ಶಿವಮೊಗ್ಗಕ್ಕೆ ಹೋಗಬೇಕು.”

“ಆರಾಮಿಲ್ಲದೋಳು ಬೆಳಿಗ್ಗೆಯಿಂದ ಕಾಲುವೆ ಮೇಲೆ ಓಡಾಡ್ತಾ ಇದಾಳಲ್ರೀ? ಏನಾಗೈತಿ ಹೇಳ್ರಿ, ಬಿಡಾನ.”

ಆಣೆ ಇತ್ತು. “ದೀಪಾವಳಿ ಆದಾಗಿಂದ ಹಿಂಗೇ ಇದಾಳಪ್ಪ” ಎಂದಷ್ಟೇ ಹೇಳಿದೆ. ಅವನು ನನ್ನನ್ನೇ ನೋಡುತ್ತಿದ್ದ. “ನಿನ್ನೆ ಮೊನ್ನೆ ಬಂದ ಕಾಯಿಲೆ ಏನಲ್ಲ ಅಂದಂಗಾತು. ಹಂಗಾದ್ರೆ ಹೋದ ಗುರುವಾರ ನಿಮ್ಮ ಪಾಳೀಲಿ ಕಳಿಸಬಹುದಿತ್ತಲ್ರೀ ಟೀಚರ್?”

ಬಾಯಿ ಬಿಟ್ಟರೆ ಬಣ್ಣಗೇಡು. ನಾನು ಎದ್ದು ಬಂದೆ. ಹಾಲಮ್ಮನಿಗೆ, “ಅವನು ಒಪ್ಪಲಿಲ್ಲ ಕಣೆ” ಎಂದಷ್ಟೇ ಹೇಳಿದೆ. ಯಾಕೆ ಒಪ್ಪಲಿಲ್ಲ ಎಂದು ಹೇಳಲಿಲ್ಲ.

“ಹೋಗ್ಲಿ ಬಿಡ್ರಿ” ಎಂದು ಅವಳು ಬೆರಳು ಮಡಚಿದಳು. “ಮೂರು ವಾರ ಕಳದ್ರೆ ಗುರುವಾರ ನಂದೇ ಪಾಳಿ ಬರ್ತೈತಿ. ಅವತ್ತು ಹೋದ್ರೆ ಯಾರದ್ದೂ ನೀರು ಹೋಗಂಗಿಲ್ಲ.”

ತನ್ನ ನೀರು ಹೋಗುತ್ತದೆ ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ನಾನೂ ಅದನ್ನು ನೆನಪಿಸಲಿಲ್ಲ.

ಆ ಮೂರು ವಾರ ಅವಳು ತೂಬು ಎತ್ತಿದಳು, ಇಳಿಸಿದಳು. ಟೀಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಳು. ಒಮ್ಮೆ ಏರಿಯ ಮೇಲೆ ಕೂತಿದ್ದಳು. ಹಾಲಮ್ಮ ಕೂತಿದ್ದಾಳೆ ಎಂದು ಊರೆಲ್ಲ ಆಡಿಕೊಂಡಿತು. ಅವಳ ಪಾಳಿಯ ಗುರುವಾರ ಬಂತು. ತೂಬು ಮುಚ್ಚಿಯೇ ಇತ್ತು. ನಾನೂ ಅವಳೂ ಎಂಟರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಪರೀಕ್ಷೆ, ಸ್ಕ್ಯಾನು, ಮತ್ತೊಂದು ಪರೀಕ್ಷೆ ಎಲ್ಲ ಆಯಿತು. ರಿಪೋರ್ಟು ಬಂದ ದಿನ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಗರ್ಭಕೋಶದ ಬಾಯಿಯಲ್ಲಿ ಹುಟ್ಟಿದ್ದು, ಹೊಟ್ಟೆಯೊಳಗೆಲ್ಲ ಹರಡಿದೆ ಎಂದರು.

“ಒಂದು ತಿಂಗಳು ಮೊದಲು ಬಂದಿದ್ರೆ, ಡಾಕ್ಟ್ರೇ?” ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಅದನ್ನ ಹೇಳೋಕಾಗಲ್ಲ ಅಮ್ಮ” ಎಂದರು.

ಆಗುತ್ತಿತ್ತು ಎಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಆಗುತ್ತಿರಲಿಲ್ಲ ಎಂದಿದ್ದರೆ ರಾತ್ರಿ ನಿದ್ದೆ ಮಾಡುತ್ತಿದ್ದೆ. ಹೇಳೋಕಾಗಲ್ಲ ಎಂದರು. ಇವತ್ತಿಗೂ ನಾನು ಆ ಒಂದು ತಿಂಗಳನ್ನು ಹಿಂದೆ ಮುಂದೆ ಎಳೆದಾಡುತ್ತ ಕೂತಿರುತ್ತೇನೆ.

ನನ್ನ ಭತ್ತ ಚೆನ್ನಾಗಿ ಬಂತು. ಊರವರು ಹೊಗಳಿದರು, ಮನೆಯವರು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಹಾಲಮ್ಮನ ಮುಕ್ಕಾಲು ಎಕರೆ ಜೊಳ್ಳಾಯಿತು, ಅವಳ ತಮ್ಮ ಬಂದು ಕುರಿ ಮೇಯಿಸಿಕೊಂಡು ಹೋದ. ಮೇ ತಿಂಗಳಲ್ಲಿ ರೋಜಾ ಬಂದು ತಾಯಿಯನ್ನು ಶಿಕಾರಿಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ಕೈಗೂಸು, ಕಾಯಿಲೆಯ ತಾಯಿ, ಎರಡನ್ನೂ ಆ ಹುಡುಗಿ ನೋಡಿಕೊಂಡಳು. ಕರೆಂಟು ಕೊಡಿಸಲು, ಅಂದರೆ ರೇಡಿಯೇಷನ್ನಿಗೆ, ಐದಾರು ಸಲ ಶಿವಮೊಗ್ಗಕ್ಕೆ ಓಡಾಡಿದರು. ಆಮೇಲೆ ಹಾಲಮ್ಮನೇ ಸಾಕು ಎಂದಳು.

ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮಂಚ, ಪಕ್ಕದಲ್ಲಿ ತೊಟ್ಟಿಲು. ಮೊದಮೊದಲು ಅವಳೇ ತಮಾಷೆ ಮಾಡುತ್ತಿದ್ದಳು. “ಬರ್ರಿ ಅಕ್ಕೋರೆ, ಈಗ ಎಷ್ಟು ಬೇಕು ಹೇಳ್ರಿ ಪುರುಸೊತ್ತು? ನಿಮಗೊಂದಿಷ್ಟು ಕಟ್ಟಿ ಕೊಡ್ಲಾ?” ನಾನು ನಗುತ್ತಿದ್ದೆ, ಬಸ್ಸಿನಲ್ಲಿ ಅಳುತ್ತಿದ್ದೆ. ಕಂಡಕ್ಟರು ಟಿಕೆಟ್ಟು ಕೇಳಲೂ ಹಿಂದೇಟು ಹಾಕುತ್ತಿದ್ದ.

ಆಗಸ್ಟ್ ಕೊನೆಯ ಹೊತ್ತಿಗೆ ಅವಳು ಮಂಚದಲ್ಲಿ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದಳು. ಒಂದು ಮಧ್ಯಾಹ್ನ ರೋಜಾ ಒಳಗೆ ಟೀ ಕಾಸುತ್ತಿದ್ದಳು. ಕೂಸು ಮಲಗಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಬಾಯಿಂದ ಒಂದು ಮಾತು ಬೇಕಿತ್ತು ನನಗೆ. ನಿಮ್ಮದೇನೂ ತಪ್ಪಿಲ್ಲ ಅಕ್ಕೋರೆ, ಅಷ್ಟು ಅಂದುಬಿಟ್ಟರೆ ಸಾಕಿತ್ತು. ಸಾಯುವವಳ ಹತ್ತಿರವೂ ನಾನು ಕೇಳಲಿಕ್ಕೇ ಹೋಗಿದ್ದೆ.

“ಹಾಲಮ್ಮ, ಅವತ್ತು ಗುರುವಾರ ನನ್ನ ಪಾಳಿ ದಿನ” ಎಂದೆ. “ನೀನು ಬಾಯಿ ಬಿಟ್ಟು ಹೇಳಬಾರದಿತ್ತೇನೆ? ತಡಕೊಳ್ಳೋಕಾಗ್ತಾ ಇಲ್ಲ, ಹೋಗ್ಲೇಬೇಕು ಅಂತ? ಯಾಕೆ ಹೇಳ್ಲಿಲ್ಲ ನೀನು?”

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಕೇಳಿದ್ದು ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ ಅನ್ನಿಸುತ್ತದೆ.

“ಹೇಳಿದ್ನಲ್ರೀ ಅಕ್ಕೋರೆ” ಎಂದಳು. “ನಿಮಗೊಬ್ಬರಿಗೇ ಹೇಳಿದ್ದು.”

ರೋಜಾ ಟೀ ತಂದಳು. ಕುಡಿದೆ. ಲೋಟ ತೊಳೆದಿಟ್ಟು, ಬರ್ತೀನಿ ಎಂದು ಎದ್ದು ಬಂದೆ.

ಅದಾದ ಮೇಲೆ ಹಾಲಮ್ಮ ಹನ್ನೊಂದು ದಿನ ಇದ್ದಳು. ರೋಜಾ ಮೂರು ಸಲ ಫೋನು ಮಾಡಿದಳು. “ಅವ್ವ ನಿಮ್ಮನ್ನೇ ಕೇಳ್ತಾ ಐತ್ರಿ ಟೀಚರ್, ಒಂದು ಸಲ ಬಂದು ಹೋಗ್ರಿ” ಎಂದಳು. ಕಾಲು ಉಳುಕಿದೆ ಕಣಮ್ಮ, ಬಸ್ಸು ಹತ್ತಲಿಕ್ಕೆ ಆಗುತ್ತಿಲ್ಲ ಎಂದು ಮೂರು ಸಲವೂ ಹೇಳಿದೆ. ನನ್ನ ಕಾಲಿಗೆ ಏನೂ ಆಗಿರಲಿಲ್ಲ.